ನಿಂತೇ ಹಳತಾದ ಬೈಕು ಕೊಳ್ಳಬಹುದೇ?

ಪ್ರಶ್ನೆ: ಪರಿಚಯದವರೊಬ್ಬರು 23 ವರ್ಷ ಹಳೆಯ ಬೈಕೊಂದನ್ನು ಮಾರುತ್ತಿದ್ದಾರೆ. ಏರ್ ಕೂಲ್ಡ್ ಸಿಂಗಲ್ ಸಿಲಿಂಡರ್ ಎಂಜಿನ್, ಕಾರ್ಬ್ಯುರೇಟರ್, ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್. ಮೀಟರಿನಲ್ಲಿ ಬರೀ 14,000 ಕಿ.ಮೀ. ತೋರಿಸುತ್ತಿದೆ. ನಾಲ್ಕು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ‘ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿ ಬ್ಯಾಟರಿ ಹಾಕಿದರೆ ಸಾಕು, ಹೊಸದರ ಹಾಗೆ ಓಡುತ್ತದೆ’ ಅನ್ನುತ್ತಾರೆ. ಇನ್ನೊಂದು ಕಡೆ 8 ವರ್ಷದ ಬೈಕಿದೆ. 52,000 ಕಿ.ಮೀ. ಓಡಿದೆ, ಈಗಲೂ ದಿನಾ ಓಡುತ್ತಿದೆ. ಬೆಲೆ ಸ್ವಲ್ಪ ಜಾಸ್ತಿ. ಕೆಲಸಕ್ಕೆ ಹೋಗಿಬರಲು ನನಗೆ ದಿನಕ್ಕೆ 30 ಕಿ.ಮೀ. ಆಗುತ್ತದೆ. ಬೇರೆ ಗಾಡಿ ಇಲ್ಲ. ರಿಪೇರಿ ಬರುವುದಿಲ್ಲ, ಕಲಿಯುವ ಆಸೆ ಮಾತ್ರ ಇದೆ. ಮನಸ್ಸು ಹಳೆಯದರ ಕಡೆಗೇ ಹೋಗುತ್ತಿದೆ. ಕೊಳ್ಳಲಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು 23 ವರ್ಷ ಅಲ್ಲ, ಆ ನಾಲ್ಕು ವರ್ಷ. ಅದಾದ ಮೇಲೆ ಆ 14,000. ನಿಮಗೆ ಆಸೆ ಹುಟ್ಟಿಸಿದ್ದೂ ಅದೇ ಸಂಖ್ಯೆ ಅಲ್ವಾ?

ಲೆಕ್ಕ ಹಾಕಿ ನೋಡಿ. 23 ವರ್ಷಕ್ಕೆ 14,000 ಅಂದರೆ ವರ್ಷಕ್ಕೆ ಸುಮಾರು 600 ಕಿ.ಮೀ. ಅಂದರೆ ಈ ಗಾಡಿ ತನ್ನ ಆಯಸ್ಸಿನ ಬಹುಪಾಲು ನಿಂತೇ ಕಳೆದಿದೆ. ಇಲ್ಲವಾದರೆ ಮೀಟರ್ ಕೇಬಲ್ ಕಡಿದು ಎಷ್ಟೋ ಕಾಲ ಹಾಗೇ ಓಡಿಸಿದ್ದಾರೆ. ಎರಡೂ ಒಳ್ಳೆಯ ಸುದ್ದಿಯಲ್ಲ. ಇನ್ನೊಂದು ಗಾಡಿ ವರ್ಷಕ್ಕೆ 6,500 ಕಿ.ಮೀ. ಓಡಿದೆ, ದಿನಕ್ಕೆ ಸುಮಾರು 18. ಎಂಜಿನ್ ದಿನಾ ಬಿಸಿಯಾಗಿದೆ, ಆಯಿಲ್ ಎಲ್ಲ ಕಡೆ ಹರಿದಿದೆ, ಬ್ರೇಕ್ ಹಿಡಿದು ಬಿಟ್ಟಿದೆ, ಚೈನ್ ತಿರುಗಿದೆ. ಓಡಿದ ಗಾಡಿ ಸವೆಯುತ್ತದೆ. ನಿಂತ ಗಾಡಿ ಕೊಳೆಯುತ್ತದೆ. ಸವೆತವನ್ನು ಅಳೆಯಬಹುದು. ಕೊಳೆತದ್ದು ಒಂದೊಂದನ್ನೇ ಬಿಚ್ಚುತ್ತಾ ಹೋದಾಗ ಮಾತ್ರ ಗೊತ್ತಾಗುತ್ತದೆ.

ಮೀಟರನ್ನು ನಂಬಬೇಕೋ ಬೇಡವೋ ಅನ್ನುವುದಕ್ಕೆ ಗಾಡಿಯೇ ಸಾಕ್ಷಿ ಹೇಳುತ್ತದೆ. ಫುಟ್‌ರೆಸ್ಟ್ ರಬ್ಬರ್, ಗೇರ್ ಲಿವರಿನ ತುದಿ, ಬ್ರೇಕ್ ಪೆಡಲಿನ ಮೇಲಿನ ಗೆರೆಗಳು, ಹ್ಯಾಂಡಲ್ ಗ್ರಿಪ್ ನೋಡಿ. 14,000 ಕಿ.ಮೀ. ಓಡಿದ ಗಾಡಿಯ ಬ್ರೇಕ್ ಪೆಡಲ್ ಸವೆದು ನುಣ್ಣಗಾಗಿರುವುದಿಲ್ಲ. ಮುಂದಿನ ಡಿಸ್ಕಿನ ಮೇಲೆ ಉಗುರು ಆಡಿಸಿ. ಅಂಚಿನಲ್ಲಿ ಏಣು ಸಿಕ್ಕಿದರೆ ಡಿಸ್ಕ್ ಚೆನ್ನಾಗಿ ಸವೆದಿದೆ ಎಂದರ್ಥ. ದಪ್ಪ ಕನಿಷ್ಠ ಎಷ್ಟಿರಬೇಕು ಎಂದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಇವೆಲ್ಲ ಹೊಚ್ಚಹೊಸದಾಗಿದ್ದರೂ ಯಾಕೆ ಬದಲಾಯಿಸಿದರು ಎಂದು ಕೇಳಿ. ಉತ್ತರ ಏನೇ ಇರಲಿ, ಹೇಳುವವರ ಮುಖ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ.

ಈಗ ‘ಕಾರ್ಬ್ಯುರೇಟರ್ ಕ್ಲೀನ್ ಮಾಡಿದರೆ ಸಾಕು’ ಎಂಬ ಮಾತಿಗೆ ಬರೋಣ. ಹಳೇ ಬೈಕ್ ಮಾರುವವರೆಲ್ಲರ ಬಾಯಲ್ಲೂ ಇದೇ ವಾಕ್ಯ. ಅಷ್ಟೇ ಕೆಲಸ ಇದ್ದಿದ್ದರೆ ಅದನ್ನು ಅವರೇ ಮಾಡಿಸಿ, ಓಡುವ ಗಾಡಿಯ ಬೆಲೆಗೇ ಮಾರಬಹುದಿತ್ತಲ್ಲ?

ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವುದು ಕಾರ್ಬ್ಯುರೇಟರ್. ಅದರ ಕೆಳಗೆ ಫ್ಲೋಟ್ ಬೌಲ್ ಎಂಬ ಪುಟ್ಟ ಬಟ್ಟಲಿರುತ್ತದೆ. ಅದರಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶ ಕೆಲವೇ ತಿಂಗಳಲ್ಲಿ ಆರಿಹೋಗುತ್ತದೆ. ಉಳಿಯುವುದು ಅಂಟು. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಗಟ್ಟಿ ವಾರ್ನಿಷ್. ನಾಲ್ಕು ವರ್ಷ ನಿಂತ ಗಾಡಿಯ ಬೌಲ್ ಬಿಚ್ಚಿದರೆ ಪೆಟ್ರೋಲ್ ವಾಸನೆ ಬರುವುದಿಲ್ಲ, ಹಳೇ ಪೇಂಟ್ ಡಬ್ಬಿಯ ವಾಸನೆ ಬರುತ್ತದೆ. ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ಎಂಜಿನ್ ಸುಮ್ಮನೆ ಓಡುವಾಗ, ಅದಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಬೆಳಕಿಗೆ ಹಿಡಿದರೆ ಚುಕ್ಕೆಯಷ್ಟು ಬೆಳಕು ಕಾಣಬೇಕು. ಅಂಟು ಹಿಡಿದಿದ್ದರೆ ಏನೂ ಕಾಣುವುದಿಲ್ಲ. ಅದಕ್ಕೆ ದಪ್ಪ ತಂತಿ ತೂರಿಸಿ ‘ಕ್ಲೀನ್’ ಮಾಡುವವರಿದ್ದಾರೆ. ಆಮೇಲೆ ತೂತು ದೊಡ್ಡದಾಗಿ, ಗಾಡಿ ಜನ್ಮಪೂರ್ತಿ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ‘ಕೊಳ್ಳಿ’ ಅನ್ನುತ್ತಿದ್ದೆ. ಕಾರ್ಬ್ಯುರೇಟರ್ ಕ್ಲೀನ್ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಅದೇ ನಾಲ್ಕು ವರ್ಷ ಉಳಿದ ಭಾಗಗಳ ಮೇಲೂ ಕಳೆದಿದೆಯಲ್ಲ. ಟ್ಯಾಂಕ್ ಅರ್ಧ ಖಾಲಿ ಇಟ್ಟರೆ ಮೇಲಿನ ಗಾಳಿಯಲ್ಲಿರುವ ತೇವ ತಗಡಿಗೆ ಕೂತು ತುಕ್ಕು ಹಿಡಿಯುತ್ತದೆ. ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸಿದ್ದರೆ ಇನ್ನೂ ಬೇಗ, ಯಾಕೆಂದರೆ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದಾಗ ಅದು ಬೇರ್ಪಟ್ಟು ತಳ ಸೇರುತ್ತದೆ. ಪೆಟ್ರೋಲ್ ಕಾಕ್ ಇರುವುದೂ ತಳದಲ್ಲೇ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಮೊಬೈಲ್ ಬೇಡ, ಕೈ ಜಾರಿದರೆ ಕಷ್ಟ. ಒಳಗೆ ತಗಡು ಬೂದು ಬಣ್ಣಕ್ಕೆ ಹೊಳೆಯಬೇಕು. ಕೆಂಪು ಪುಡಿ ಕಂಡರೆ ಇವತ್ತು ಕ್ಲೀನ್ ಮಾಡಿದ ಕಾರ್ಬ್ಯುರೇಟರ್ ಬರುವ ವಾರ ಮತ್ತೆ ಕಟ್ಟಿಕೊಳ್ಳುತ್ತದೆ.

ರಬ್ಬರಿನ ಕಥೆ ಇನ್ನೊಂದು. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಬೂಟ್ ಗಟ್ಟಿಯಾಗಿ ಬಿರಿಯುತ್ತದೆ. ಬಿರುಕಿನಿಂದ ಗಾಳಿ ಒಳಗೆ ಹೋಗುತ್ತದೆ, ಮಿಕ್ಸ್ಚರಿನಲ್ಲಿ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಐಡಲ್ ಕೂರುವುದೇ ಇಲ್ಲ, ಒಮ್ಮೆ ಏರುತ್ತದೆ, ಒಮ್ಮೆ ಆರುತ್ತದೆ. ಎಷ್ಟೋ ಜನ ಕಾರ್ಬ್ಯುರೇಟರನ್ನೇ ಹತ್ತು ಸಲ ಬಿಚ್ಚಿ ಕಟ್ಟುತ್ತಾರೆ, ಈ ಬೂಟನ್ನು ಬಗ್ಗಿಸಿ ನೋಡುವುದಿಲ್ಲ. ಫೋರ್ಕ್ ಸೀಲ್, ಬ್ರೇಕ್ ಹೋಸ್, ಪೆಟ್ರೋಲ್ ಪೈಪ್, ಹಿಂದಿನ ಚಕ್ರದೊಳಗಿನ ಡ್ಯಾಂಪರ್ ರಬ್ಬರ್, ಎಲ್ಲದರ ಹಣೆಬರಹವೂ ಇಷ್ಟೇ. ಇವಕ್ಕೆ ಕಿಲೋಮೀಟರ್ ಲೆಕ್ಕವಿಲ್ಲ, ಕ್ಯಾಲೆಂಡರ್ ಲೆಕ್ಕ ಮಾತ್ರ.

ಟೈರೂ ಅದೇ ಜಾತಿ. ಪಕ್ಕದಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಕೋಡ್ ಇರುತ್ತದೆ. ಅದರ ಕೊನೆಯಲ್ಲಿ ಪುಟ್ಟ ಅಂಡಾಕಾರದೊಳಗೆ ನಾಲ್ಕು ಅಂಕಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಆ ಟೈರ್ 2000ಕ್ಕಿಂತ ಹಿಂದಿನದು, ಅದರ ಮೇಲೆ ಕೂತು ಗೇಟಿನವರೆಗೂ ಹೋಗಬೇಡಿ. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳ ಕಾಣಲಿ, ಐದಾರು ವರ್ಷ ದಾಟಿದ ಟೈರನ್ನು ಅನುಮಾನದಿಂದ ನೋಡಿ, ಹತ್ತು ದಾಟಿದ್ದನ್ನು ನೋಡಲೇ ಬೇಡಿ. ಹಳೇ ರಬ್ಬರ್ ಒಣ ರಸ್ತೆಯಲ್ಲಿ ನಾಟಕ ಮಾಡಿಕೊಂಡು ಓಡುತ್ತದೆ, ಒದ್ದೆ ತಿರುವಿನಲ್ಲಿ ಕೈಕೊಡುತ್ತದೆ.

ಬ್ರೇಕ್ ಫ್ಲೂಯಿಡ್ ಸಹ ಗಾಳಿಯ ತೇವ ಹೀರಿಕೊಳ್ಳುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು. ನಾಲ್ಕು ವರ್ಷ ನಿಂತದ್ದರಲ್ಲಿ ಫ್ಲೂಯಿಡ್ ಟೀ ಬಣ್ಣಕ್ಕೆ ತಿರುಗಿರುತ್ತದೆ, ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದು ಕೂತಿರುತ್ತದೆ. ಪರೀಕ್ಷೆ ಸುಲಭ. ಮುಂದಿನ ಚಕ್ರ ನೆಲ ಬಿಟ್ಟಿರಲಿ. ಬ್ರೇಕ್ ಹಿಡಿಯಿರಿ, ಬಿಡಿ, ಚಕ್ರ ತಿರುಗಿಸಿ. ಸರಾಗ ತಿರುಗಬೇಕು. ಬ್ರೇಕ್ ಬಿಟ್ಟರೂ ಹಿಡಿದುಕೊಂಡೇ ಇದ್ದರೆ ಕ್ಯಾಲಿಪರ್ ಕಚ್ಚಿಕೊಂಡಿದೆ, ಅಥವಾ ಬ್ರೇಕ್ ಲಿವರ್ ಹತ್ತಿರದ ಮಾಸ್ಟರ್ ಸಿಲಿಂಡರಿನಲ್ಲಿ ಫ್ಲೂಯಿಡ್ ಹಿಂದಿರುಗುವ ಸೂಜಿ ತೂತು ಮುಚ್ಚಿಹೋಗಿದೆ. ಹಿಂದಿನ ಡ್ರಮ್ ಬಿಚ್ಚುವವರಿಗೆ ಒಂದು ಮಾತು. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಒಳಗಿನ ದೂಳನ್ನು ಊದಬೇಡಿ, ಏರ್ ಗನ್ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಎಂಜಿನ್ನಿನ ಒಳಗೆ ಏನಾಗಿದೆ ಎನ್ನುವುದು ಸ್ವಲ್ಪ ಅದೃಷ್ಟದ ಮಾತು. ಗಾಡಿ ನಿಲ್ಲಿಸಿದಾಗ ಯಾವುದೋ ಒಂದು ವಾಲ್ವ್ ಅರೆ ತೆರೆದುಕೊಂಡಿದ್ದರೆ ಅದರ ಮೂಲಕ ತೇವ ಸಿಲಿಂಡರಿಗೆ ಇಳಿದು ಗೋಡೆಗೆ ತುಕ್ಕು ಹಿಡಿದಿರುತ್ತದೆ, ಪಿಸ್ಟನ್ ಸುತ್ತಲಿನ ರಿಂಗ್ ಅಂಟಿಕೊಂಡಿರುತ್ತದೆ. ವಾಲ್ವ್ ಮುಚ್ಚಿದ್ದರೆ ಏನೂ ಆಗಿರುವುದಿಲ್ಲ. ಹೊರಗಿನಿಂದ ಹೇಳಲು ಬರುವುದಿಲ್ಲ. ಹಾಗಾಗಿ ನಿಮ್ಮ ಮುಂದೆಯೇ ಸುಮ್ನೆ ಕಿಕ್ ಹೊಡೆದು ತೋರಿಸಲು ಅವರನ್ನು ಬಿಡಬೇಡಿ. ಒಣಗಿದ ಸಿಲಿಂಡರಿನಲ್ಲಿ ತುಕ್ಕು ಹಿಡಿದ ರಿಂಗ್ ಉಜ್ಜಿದರೆ, ಉಳಿದಿದ್ದ ಬೋರ್ (ಸಿಲಿಂಡರಿನ ಒಳಗೋಡೆ) ಸಹ ಅಲ್ಲೇ ಕೆಡುತ್ತದೆ.

ಇಷ್ಟು ಓದಿದ ಮೇಲೆ ಹಳೇ ಬೈಕ್ ಎಂದರೆ ನನಗೆ ಆಗದು ಅಂದುಕೊಳ್ಳಬೇಡಿ. ನನ್ನ ಕೈಗೆ ಸುಖ ಕೊಡುವುದು ಹಳೇ ಗಾಡಿಗಳೇ. ಅವುಗಳ ಪರವಾಗಿ ಹೇಳುವುದೂ ಬೇಕಾದಷ್ಟಿದೆ.

ದುಡ್ಡಿನ ವಿಷಯ ಎಲ್ಲರಿಗೂ ಗೊತ್ತು. ಹೊಸ ಗಾಡಿಯ ಬೆಲೆ ಮೊದಲ ಕೆಲವು ವರ್ಷದಲ್ಲೇ ಬಿದ್ದುಹೋಗುತ್ತದೆ. ಇಪ್ಪತ್ತು ದಾಟಿದ್ದರಲ್ಲಿ ಬೀಳುವಷ್ಟು ಬಿದ್ದಾಗಿದೆ. ಚೆನ್ನಾಗಿ ಇಟ್ಟುಕೊಂಡರೆ ಎರಡು ವರ್ಷ ಓಡಿಸಿ ಹೆಚ್ಚುಕಡಿಮೆ ಕೊಂಡ ಬೆಲೆಗೇ ಮಾರಬಹುದು. ಆದರೆ ನಡುವೆ ಹಾಕಿದ ರಿಪೇರಿ ಖರ್ಚನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮಾರುವಾಗ ನೀವೂ ಸಹ!

ನಿಜವಾದ ಲಾಭ ಬೇರೆ. ಆ ಕಾಲದ ಗಾಡಿಯನ್ನು ಬಿಚ್ಚಿ ಕಟ್ಟಬಹುದು. ಸಿಲಿಂಡರಿನ ಒಳಗೆ ಕಬ್ಬಿಣದ ಕೊಳವೆ, ಅಂದರೆ ಲೈನರ್ ಇದ್ದರೆ, ಬೋರ್ ಸವೆದಾಗ 0.25 ಮಿ.ಮೀ. ದೊಡ್ಡದು ಮಾಡಿ ಅದಕ್ಕೆ ಸರಿಯಾದ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಆಮೇಲೆ 0.50, 0.75, ಹಲವು ಗಾಡಿಗಳಲ್ಲಿ 1 ಮಿ.ಮೀ.ವರೆಗೂ ಹೋಗಬಹುದು. ಅಂದರೆ ಒಂದೇ ಸಿಲಿಂಡರಿಗೆ ಮೂರು ನಾಲ್ಕು ಜನ್ಮ. ಒಳಗೆ ತೆಳು ಲೋಹದ ಲೇಪನ ಇರುವ ಈಚಿನ ಸಿಲಿಂಡರುಗಳಲ್ಲಿ ಈ ಆಟ ನಡೆಯುವುದಿಲ್ಲ, ಲೇಪನ ಹೋದರೆ ಸಾಮಾನ್ಯವಾಗಿ ಇಡೀ ಸಿಲಿಂಡರೇ ಬದಲು. ಕಾರ್ಬ್ಯುರೇಟರ್ ಕೆಟ್ಟರೆ ಸ್ಕ್ರೂಡ್ರೈವರ್ ಸಾಕು. ಕಾರ್ಬ್ಯುರೇಟರ್ ಬದಲು ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಯ ಸೆನ್ಸರ್ ಕೆಟ್ಟರೆ ಮೊದಲು ಯಾವುದು ಕೆಟ್ಟಿದೆ ಎಂದು ಓದಲು ಸ್ಕ್ಯಾನರ್ ಬೇಕು. ಕಲಿಯುವ ಆಸೆ ಇದೆ ಅಂದಿರಲ್ಲ, ಏರ್ ಕೂಲ್ಡ್ ಸಿಂಗಲ್ ಸಿಲಿಂಡರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಆದರೆ ಬಿಚ್ಚಲು ಬಂದರೆ ಆಯಿತಾ? ಹಾಕಲು ಪಾರ್ಟ್ಸ್ ಬೇಕಲ್ಲ. ಹಳೇ ಬೈಕ್ ಕೊಳ್ಳುವಾಗ ನಾನು ಎಂಜಿನ್ನಿಗಿಂತ ಮೊದಲು ವಿಚಾರಿಸುವುದು ಇದನ್ನೇ. ಬೇರಿಂಗ್ ಬಗ್ಗೆ ಚಿಂತೆ ಬೇಡ. ಅದರ ಮೇಲೆ ನಂಬರ್ ಇರುತ್ತದೆ. 6302 ಎಂದಿದ್ದರೆ ಒಳ ಅಳತೆ 15, ಹೊರ ಅಳತೆ 42, ದಪ್ಪ 13 ಮಿ.ಮೀ. ಬೈಕ್ ಯಾವ ಕಂಪನಿಯದೇ ಆಗಿರಲಿ, ಯಾವ ಕಾಲದ್ದೇ ಆಗಿರಲಿ, ಅದೇ ಅಳತೆ. ಆಯಿಲ್ ಸೀಲ್‌ಗಳೂ ಬಹುತೇಕ ಅಳತೆಯ ಮೇಲೇ ಸಿಗುತ್ತವೆ. ಚೈನ್, ಕೇಬಲ್, ಪ್ಲಗ್, ಬಲ್ಬ್ ತೊಂದರೆಯಿಲ್ಲ. ತಲೆನೋವು ಬರುವುದು ಆ ಮಾಡೆಲಿಗೆ ಮಾತ್ರ ಎಂದು ಮಾಡಿದ ಸಾಮಾನುಗಳಿಂದ. ಸೈಡ್ ಪ್ಯಾನೆಲ್, ಹ್ಯಾಂಡಲ್ ಸ್ವಿಚ್, ಮೀಟರ್, ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐ ಯುನಿಟ್, ಕಾರ್ಬ್ಯುರೇಟರ್ ಬೂಟ್, ಕಿಕ್ ಶಾಫ್ಟ್. ಇಂಥ ಒಂದೇ ಒಂದು ಪಾರ್ಟಿಗಾಗಿ ಗಾಡಿ ತಿಂಗಳುಗಟ್ಟಲೆ ಮೂಲೆ ಸೇರುತ್ತದೆ.

ಹಾಗಾಗಿ ಲಕ್ಷಗಟ್ಟಲೆ ಮಾರಾಟವಾದ, ವರ್ಷಗಟ್ಟಲೆ ವಿನ್ಯಾಸ ಬದಲಾಗದ ಮಾಡೆಲ್ ಆದರೆ ಅರ್ಧ ಯುದ್ಧ ಗೆದ್ದ ಹಾಗೆ. ಹೋಂಡಾ ಸೂಪರ್ ಕಬ್ 1958ರಲ್ಲಿ ಬಂತು, 2017ರ ಹೊತ್ತಿಗೆ ಹತ್ತು ಕೋಟಿ ದಾಟಿತು. ಅದರ ಪಾರ್ಟ್ಸಿಗೆ ಬರ ಬರುವ ಕಾಲ ಸದ್ಯಕ್ಕಿಲ್ಲ. ಯಮಹಾ ಎಸ್‌ಆರ್400 ಗಾಡಿ 1978ರಿಂದ 2021ರ ತನಕ ಹೆಚ್ಚುಕಡಿಮೆ ಅದೇ ಸಿಂಗಲ್ ಸಿಲಿಂಡರ್ ಎಂಜಿನ್ ಹೊತ್ತುಕೊಂಡೇ ಬಂತು. ಇವಕ್ಕೆ ಎದುರಾಗಿ, ಎರಡೇ ವರ್ಷ ಬಂದು ನಿಂತುಹೋದ ಅಪರೂಪದ ಮಾಡೆಲ್‌ಗಳಿವೆ. ‘ಇಡೀ ಊರಲ್ಲಿ ಇದೊಂದೇ ಇರುವುದು’ ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ, ಅದನ್ನು ಎಚ್ಚರಿಕೆ ಎಂದೇ ಕೇಳಿಸಿಕೊಳ್ಳಿ. ನಿಮ್ಮ ಮಾಡೆಲ್ ಯಾವುದು ಎಂದು ನೀವು ಬರೆದಿಲ್ಲ. ಕೊಳ್ಳುವ ಮೊದಲು ಐದು ಪಾರ್ಟಿನ ಪಟ್ಟಿ ಮಾಡಿಕೊಂಡು ಅಂಗಡಿಯಲ್ಲಿ ವಿಚಾರಿಸಿ: ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್, ಸಿಡಿಐ, ಕ್ಲಚ್ ಪ್ಲೇಟ್, ಕಾರ್ಬ್ಯುರೇಟರ್ ಬೂಟ್, ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ ಕಿಟ್. ಮೂರಕ್ಕೆ ‘ಬರಲ್ಲ ಸರ್’ ಅಂದರೆ ಮನೆಗೆ ಬನ್ನಿ.

ಸುರಕ್ಷತೆಯಲ್ಲಿ ಹಳೇ ಗಾಡಿ ಸೋಲುತ್ತದೆ. ಇದರಲ್ಲಿ ವಾದಕ್ಕೆ ಜಾಗವಿಲ್ಲ. ಬ್ರೇಕ್ ಹಿಂಡಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಅನ್ನು ಬೈಕಿನಲ್ಲಿ ಮೊದಲು ಕೊಟ್ಟದ್ದು 1988ರಲ್ಲಿ, ಬಿಎಂಡಬ್ಲ್ಯು ಕೆ100 ಗಾಡಿಯಲ್ಲಿ. ಆದರೆ ಸಾಮಾನ್ಯ ಬೈಕುಗಳಿಗೆ ಅದು ಇಳಿದುಬರಲು ದಶಕಗಳೇ ಬೇಕಾದವು. 23 ವರ್ಷದ ಸಿಂಗಲ್ ಸಿಲಿಂಡರಿನಲ್ಲಿ ಅದನ್ನು ಹುಡುಕಬೇಡಿ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಮುಂದಿನ ಬ್ರೇಕ್ ಹಿಂಡಿದರೆ ಚಕ್ರ ಕಟ್ಟಿಕೊಳ್ಳುತ್ತದೆ, ಆಮೇಲೆ ಎಲ್ಲ ನಿಮ್ಮ ಕೈಯ ಮೇಲೆ. ಹೆಡ್‌ಲೈಟೂ ಅಷ್ಟೇ. ಆ ಕಾಲದ ಎಷ್ಟೋ ಗಾಡಿಗಳಲ್ಲಿ ಲೈಟಿಗೆ ಕರೆಂಟ್ ಬರುವುದು ನೇರ ಸ್ಟೇಟರಿನಿಂದ. ಎಂಜಿನ್ ನಿಧಾನವಾದರೆ ಬೆಳಕೂ ಮಂಕು. ಕತ್ತಲಲ್ಲಿ ಗುಂಡಿ ಕಂಡು ನೀವು ನಿಧಾನ ಮಾಡಿದ ಕ್ಷಣಕ್ಕೆ ಸರಿಯಾಗಿ ಲೈಟ್ ಕಡಿಮೆಯಾಗುತ್ತದೆ! ಬೆಳಿಗ್ಗೆ ಹೋಗಿ ಬೆಳಕಿರುವಾಗಲೇ ಬರುವವರಿಗೆ ಇದು ದೊಡ್ಡದಲ್ಲ. ನಿಮ್ಮ ಕೆಲಸದ ಹೊತ್ತು ಯಾವುದು ನೋಡಿಕೊಳ್ಳಿ.

ಇನ್ನು ವೈರಿಂಗ್. ಹಳೇ ಗಾಡಿಯ ರೋಗಗಳಲ್ಲಿ ನನಗೆ ಅತಿ ಬೇಸರದ್ದು ಇದು. ಯಾಕೆಂದರೆ ಕೆಡಿಸಿದ್ದು ವಯಸ್ಸಲ್ಲ, ಹಿಂದಿನ ಮಾಲೀಕರು. ಒಬ್ಬರು ದೊಡ್ಡ ಹಾರ್ನ್ ಹಾಕಿಸಿರುತ್ತಾರೆ, ಇನ್ನೊಬ್ಬರು ಕಳ್ಳರ ಅಲಾರಂ, ಮತ್ತೊಬ್ಬರು ಫಾಗ್ ಲೈಟ್. ತೆಗೆಯುವಾಗ ಕತ್ತರಿಸಿ, ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಸೀಟ್ ಎತ್ತಿ, ಹೆಡ್‌ಲೈಟ್ ಡೂಮ್ ಒಳಗೆ ಇಣುಕಿ ನೋಡಿ. ಕಾರ್ಖಾನೆಯ ವೈರಿಗೆ ಬಣ್ಣದ ಕ್ರಮ ಇರುತ್ತದೆ, ಕನೆಕ್ಟರ್ ಇರುತ್ತದೆ. ಅಲ್ಲಿ ಕಪ್ಪು ಟೇಪಿನ ಗಂಟುಗಳು, ಒಂದೇ ಬಣ್ಣದ ಮನೆ ವಯರ್, ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ ಕಂಡರೆ ಬೆಲೆಯಲ್ಲಿ ಹೊಸ ವೈರಿಂಗ್ ಕಿಟ್ ಮತ್ತು ಎರಡು ದಿನದ ಕೂಲಿ ಕಳೆದು ಮಾತಾಡಿ. ಕೈಯಲ್ಲಿ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ತುಂಬಿದ ಬ್ಯಾಟರಿ ನಿಂತಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ ಓಡಿಸಿ ರೇಸ್ ಕೊಟ್ಟಾಗ 13.5ರಿಂದ 14.5ರ ನಡುವೆ ನಿಲ್ಲಬೇಕು. ಏರದೇ ಹೋದರೆ ಸ್ಟೇಟರ್ ಅಥವಾ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಸತ್ತಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಹೊಸ ಬ್ಯಾಟರಿ ಹಾಕಿ ತೋರಿಸಿದ ಗಾಡಿ ಒಂದೆರಡು ದಿನ ಹೇಗೂ ಓಡುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ.

ಈಗ ಆ 52,000 ಕಿ.ಮೀ. ಗಾಡಿ. ನನ್ನ ಉತ್ತರ ಏನೆಂದು ಇಷ್ಟರಲ್ಲಿ ಊಹಿಸಿರುತ್ತೀರಿ. ದಿನಾ 30 ಕಿ.ಮೀ., ಬೇರೆ ಗಾಡಿ ಇಲ್ಲ, ಸ್ಪ್ಯಾನರ್ ಹಿಡಿದು ಗೊತ್ತಿಲ್ಲ. ಈ ಮೂರೂ ಒಟ್ಟಿಗೆ ಇದ್ದಾಗ ನಾನು ಎರಡನೆಯದನ್ನೇ ಕೊಳ್ಳಿ ಅನ್ನುತ್ತೇನೆ. ಮೂರರಲ್ಲಿ ಒಂದು ಬದಲಾದರೂ, ಅದರಲ್ಲೂ ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ, ಮಾತು ಬೇರೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಸ್ಟಾರ್ಟ್ ಆಗದ ಗಾಡಿಯಿಂದ ಯಾರೂ ರಿಪೇರಿ ಕಲಿಯುವುದಿಲ್ಲ. ಬೈಗುಳ ಕಲಿಯುತ್ತಾರೆ.

ಹಾಗಂತ ಎರಡನೆಯದನ್ನು ಕಣ್ಣು ಮುಚ್ಚಿ ಕೊಳ್ಳಿ ಎಂದಲ್ಲ. ನೋಡಲು ಹೋಗುವ ಮೊದಲು ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ. ಹೋದ ಕೂಡಲೇ ಎಂಜಿನ್ ಹತ್ತಿರ ಅಂಗೈ ಹಿಡಿದು ನೋಡಿ. ಬೆಚ್ಚಗಿದ್ದರೆ ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಸ್ವಲ್ಪ ಬಿಳಿ ಆವಿ ಬಂದು ನಿಂತುಹೋದರೆ ಅದು ಸೈಲೆನ್ಸರಿನ ನೀರು, ಬಿಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆ ನೀಲಿ ಯಾವಾಗ ಬರುತ್ತದೆ ಎನ್ನುವುದು ಮುಖ್ಯ. ಸ್ಟಾರ್ಟ್ ಮಾಡಿದಾಗ ಒಂದು ಉಂಡೆ ಬಂದು ನಿಂತರೆ, ಇಲ್ಲವೇ ರೇಸ್ ಬಿಟ್ಟು ಮತ್ತೆ ಕೊಟ್ಟಾಗ ಬಂದರೆ ವಾಲ್ವ್ ಸೀಲ್ ಅಥವಾ ಗೈಡ್. ಭಾರ ಎಳೆಯುವಾಗ, ರೇಸ್ ಕೊಟ್ಟಷ್ಟೂ ಬರುತ್ತಲೇ ಇದ್ದರೆ ರಿಂಗ್ ಮತ್ತು ಬೋರ್. ಮೊದಲನೆಯದು ಸಣ್ಣ ಖರ್ಚು, ಎರಡನೆಯದು ಹಾಗಲ್ಲ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಸಾಕು, ಹಾಗೆ ಬರುತ್ತದೆ. ಇಂಜೆಕ್ಷನ್ ಗಾಡಿ ಆಗಿದ್ದರೆ ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಎಂದರೆ ಗಾಡಿ ಆರೋಗ್ಯವಾಗಿದೆ ಎಂದಲ್ಲ, ಆ ಲೈಟೇ ಕೆಟ್ಟಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿ ಮುಂದಿನ ಚಕ್ರ ಎತ್ತಿ. ಹ್ಯಾಂಡಲನ್ನು ಎರಡು ಬೆರಳಿನಿಂದ ನಿಧಾನ ಆಡಿಸಿ. ನೇರ ಬರುವ ಜಾಗದಲ್ಲಿ ಸಣ್ಣ ಗುಳಿಯೊಳಗೆ ಬಿದ್ದ ಹಾಗೆ ಕೈಗೆ ತಟ್ಟಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗಿಸುವ ಬೇರಿಂಗ್) ಮುಗಿದಿದೆ. ಇಷ್ಟು ಓಡಿದ ಗಾಡಿಯಲ್ಲಿ ಅದು ಆಶ್ಚರ್ಯವೂ ಅಲ್ಲ, ದೊಡ್ಡ ಖರ್ಚೂ ಅಲ್ಲ. ಆದರೆ ಹ್ಯಾಂಡಲ್ ತಿರುಗಿ ನಿಲ್ಲುವ ಸ್ಟಾಪರ್ ಬಗ್ಗಿದ್ದರೆ, ಅಥವಾ ಚಾಸಿಯ ಕತ್ತಿನ ಹತ್ತಿರ ಪೇಂಟ್ ಸುಕ್ಕಾಗಿ ಬಿರಿದಿದ್ದರೆ ಗಾಡಿ ಜೋರಾಗಿ ಗುದ್ದಿಸಿಕೊಂಡಿದೆ. ಅಲ್ಲಿಗೆ ಮಾತು ಮುಗಿಸಿ. ಹಿಂದಿನ ಸ್ಪ್ರಾಕೆಟಿನ ನಡು ಭಾಗದಲ್ಲಿ ಚೈನನ್ನು ಹಿಂದಕ್ಕೆ ಎಳೆಯಿರಿ. ಹಲ್ಲು ಅರ್ಧದಷ್ಟು ಕಂಡರೆ ಸೆಟ್ ಬದಲಾಯಿಸಬೇಕು. ಹಿಂದಿನ ಚಕ್ರವನ್ನು ಎಡಕ್ಕೂ ಬಲಕ್ಕೂ ಅಲುಗಿಸಿದಾಗ ಆ ಚಕ್ರವನ್ನು ಹಿಡಿದಿರುವ ಇಡೀ ಸ್ವಿಂಗ್ ಆರ್ಮೇ ಆಡಿದರೆ ಅದರ ಬುಷ್ ಹೋಗಿದೆ. ಕೋನ್ ಸೆಟ್, ಚೈನ್, ಬುಷ್ ಇವೆಲ್ಲ ಬೆಲೆ ಇಳಿಸಲು ಕಾರಣಗಳು, ಬೇಡ ಅನ್ನಲು ಕಾರಣಗಳಲ್ಲ.

ಪೇಪರಿನ ಬಗ್ಗೆ ಎರಡೇ ಮಾತು. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೆ ನೀವೇ ಬಗ್ಗಿ ಓದಿ ದಾಖಲೆಯ ಜೊತೆ ತಾಳೆ ನೋಡಿ, ಫೋಟೋ ನಂಬಬೇಡಿ. ಅಕ್ಷರಗಳ ಸುತ್ತ ಫೈಲ್ ಉಜ್ಜಿದ ಗುರುತು ಅಥವಾ ಅಲ್ಲಿ ಮಾತ್ರ ಹೊಸ ಪೇಂಟ್ ಇದ್ದರೆ ಎಷ್ಟು ಸಸ್ತಾ ಇದ್ದರೂ ಬೇಡ. ಹಳೇ ಗಾಡಿಯಾದರೆ ನೋಂದಣಿ ಮುಂದುವರಿಸಲು ವಯಸ್ಸಿನ ಮಿತಿ ಇದೆಯೇ, ಹೊಗೆ ಪರೀಕ್ಷೆ ಪಾಸಾಗುತ್ತದೆಯೇ, ವಿಮೆ ಕೊಡುತ್ತಾರೆಯೇ ಎಂದು ದುಡ್ಡು ಕೊಡುವ ಮೊದಲು ವಿಚಾರಿಸಿ.

ಇಷ್ಟೆಲ್ಲ ಕೇಳಿಯೂ ಶೆಡ್ಡಿನ ಗಾಡಿ ಮನಸ್ಸಿನಿಂದ ಹೋಗಲಿಲ್ಲವೇ? ಹೋಗುವುದಿಲ್ಲ, ನನಗೆ ಗೊತ್ತು. ಹಾಗಾದರೆ ಓಡುವ ಗಾಡಿಯ ಬೆಲೆ ಕೊಡಬೇಡಿ. ಸ್ಟಾರ್ಟ್ ಆಗದ ಗಾಡಿಯನ್ನು ಎಂಜಿನ್ ಕೆಟ್ಟ ಗಾಡಿ ಎಂದೇ ಲೆಕ್ಕ ಹಾಕಬೇಕು, ಒಳ್ಳೆಯದು ಬಂದರೆ ನಿಮ್ಮ ಅದೃಷ್ಟ. ಒಂದು ಹಾಳೆಯಲ್ಲಿ ಬರೆಯಿರಿ: ಎರಡು ಟೈರ್, ಟ್ಯೂಬ್, ಬ್ಯಾಟರಿ, ಚೈನ್ ಸ್ಪ್ರಾಕೆಟ್, ಫೋರ್ಕ್ ಸೀಲ್, ಬ್ರೇಕ್ ಹೋಸ್, ಪ್ಯಾಡ್, ಶೂ, ಕಾರ್ಬ್ಯುರೇಟರ್ ಕಿಟ್ ಮತ್ತು ಬೂಟ್, ಪೆಟ್ರೋಲ್ ಪೈಪ್, ಎಲ್ಲ ಕೇಬಲ್, ಪ್ಲಗ್, ಆಯಿಲ್. ಮುಂದೆ ಬೆಲೆ ಬರೆದು ಕೂಡಿಸಿ. ಮೊತ್ತ ಎಷ್ಟೋ ಸಲ ಗಾಡಿಯ ಬೆಲೆಗೇ ಹತ್ತಿರ ಬರುತ್ತದೆ. ಆ ಹಾಳೆಯನ್ನು ಮಾರುವವರ ಮುಂದೆ ಇಟ್ಟೇ ಚೌಕಾಸಿ ಮಾಡಿ. ಪರಿಚಯದವರು ಎಂಬ ದಾಕ್ಷಿಣ್ಯ ಅಲ್ಲಿ ಬೇಡ.

ಕೊಂಡರೆ ಮೊದಲ ಕೆಲಸ ಕಿಕ್ ಹೊಡೆಯುವುದಲ್ಲ. ಪ್ಲಗ್ ಬಿಚ್ಚಿ, ಆ ತೂತಿನಿಂದ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಮಾರನೇ ದಿನ ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಪಿಸ್ಟನ್ ಸರಾಗ ಮೇಲೆ ಕೆಳಗೆ ಆಡಿದರೆ ಹಳೇ ಆಯಿಲ್ ಇಳಿಸಿ ಹೊಸದು ತುಂಬಿ. ಕ್ಲಚ್ ಆಯಿಲಿನಲ್ಲೇ ಮುಳುಗಿರುವ ಗಾಡಿಗೆ ಡಬ್ಬಿಯ ಮೇಲೆ ಜಾಸೊ ಎಂಎ (JASO MA) ಗುರುತಿರುವ, ಅಂಥ ಕ್ಲಚ್ಚಿಗೆಂದೇ ಮಾಡಿದ ಆಯಿಲ್ ಹಾಕಿ. ಕಾರಿನ ಆಯಿಲಿನಲ್ಲಿ ಜಾರಿಸುವ ಅಂಶ ಇದ್ದರೆ ಕ್ಲಚ್ ಜಾರುತ್ತದೆ. ಪ್ಲಗ್ ಹಾಕದೆಯೇ ಹತ್ತಿಪ್ಪತ್ತು ಸಲ ನಿಧಾನ ಕಿಕ್ ತುಳಿದರೆ ಆಯಿಲ್ ಮೇಲೆ ವಾಲ್ವ್ ತೆರೆಯುವ ಕ್ಯಾಮ್ ತನಕ ಏರುತ್ತದೆ. ಕ್ಲಚ್ ಹಿಡಿದು ಗೇರ್ ಹಾಕಿದರೂ ಗಾಡಿ ಮುಂದೆ ಸರಿಯದಿದ್ದರೆ ಗಾಬರಿ ಬೇಡ, ನಿಂತು ನಿಂತು ಪ್ಲೇಟ್‌ಗಳು ಒಂದಕ್ಕೊಂದು ಅಂಟಿವೆ. ಹಿಂದೆ ಮುಂದೆ ಅಲುಗಿಸಿದರೆ ಬಹುತೇಕ ಬಿಡುತ್ತವೆ. ಇದೆಲ್ಲ ಆಗಿ, ಟ್ಯಾಂಕ್ ತೊಳೆದು, ಕಾರ್ಬ್ಯುರೇಟರ್ ಕಟ್ಟಿ, ಬ್ರೇಕ್ ಸರಿಮಾಡಿದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. 300 ಕಿ.ಮೀ. ಓಡಿದ ಕೂಡಲೇ ಆ ಆಯಿಲನ್ನೂ ಇಳಿಸಿ ನೋಡಿ. ಮಸಿ, ಸ್ವಲ್ಪ ಕೆಸರು ಬಂದರೆ ಸಹಜ. ಬೆಳಕಿನಲ್ಲಿ ಹೊಳೆಯುವ ಲೋಹದ ಚೂರು ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ಗೆ ತೋರಿಸಿ ಎಂಜಿನ್ ಬಿಚ್ಚಿಸಿ.